ಆಯಿಯ ಆರಾಮ ವರ್ಷ

ಮೊನ್ನೆ ನಯನಾ ಫೋನ್ ಮಾಡಿದ್ದಳು. ನಯನಾ ನನ್ನ ತಮ್ಮ ಗಣುವಿನ ಹೆಂಡತಿ. ಕಾರವಾರದಲ್ಲೇ, ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇದ್ದರೂ ಅವಳ ಮಾತೆಲ್ಲ ಫೋನಿನಲ್ಲೇ. ಈ ವರ್ಷ ಎರಡೂ ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲವಂತೆ, ಮನೆಯಲ್ಲೇ ಆರಾಮಾಗಿ ಕಲಿಸುತ್ತಾಳಂತೆ. ಬೆಳಿಗ್ಗೆ ಸ್ವಲ್ಪ ಓದು, ಆಮೇಲೆ ಬಣ್ಣ, ಆಟ, ಬೇಸರ ಬಂದರೆ ಎದ್ದು ದಂಡೆಗೆ ಹೋಗುವುದು, ಯಾವುದಕ್ಕೂ ಒತ್ತಾಯವಿಲ್ಲ. ಎಲ್ಲ ಹೇಳಿ ಮುಗಿಸಿ, “ಅಕ್ಕಾ, ಅತ್ತೆ ನಿಮ್ಮನ್ನೂ ಒಂದು ವರ್ಷ ಹೀಗೇ ಮನೇಲಿ ಇಟ್ಕೊಂಡಿದ್ರಂತಲ್ಲ, ಹೇಗಿತ್ತು?” ಎಂದು ಕೇಳಿದಳು. “ಚಲೋ ಇತ್ತು” ಎಂದೆ. ಫೋನ್ ಇಟ್ಟ ಮೇಲೆ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಚಲೋ ಇತ್ತು ನಿಜ, ಆದರೆ ಅದು ಆರಾಮ ಮಾತ್ರ ಇರಲಿಲ್ಲ.

ನಮ್ಮ ಮನೆ ಇದ್ದದ್ದು ಅಂಕೋಲೆಯ ಭಾವಿಕೇರಿಯಲ್ಲಿ. ಸಗಣಿ ಸಾರಿಸಿದ ಅಂಗಳ, ಅಂಗಳಕ್ಕೆ ತಾಗಿ ಉದ್ದನೆಯ ಜಗಲಿ, ಅದರ ಹಿಂದೆ ಹಗಲಲ್ಲೂ ಕತ್ತಲೆ ಕವಿದಿರುತ್ತಿದ್ದ ನಡುಮನೆ, ಅದರಾಚೆ ಅಡುಗೆಮನೆ. ನಡುಮನೆಯ ಮೂಲೆಯಲ್ಲಿ ಏಣಿ ಹತ್ತಿದರೆ ಮೆತ್ತು. ಅಲ್ಲಿ ತೆಂಗಿನಕಾಯಿ ರಾಶಿ, ಹಳೆಯ ಚಾಪೆಗಳು, ಇಲಿಯ ಓಡಾಟ. ಆ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗವಿತ್ತು. ಅಪ್ಪನಿಗೆ ಜಗಲಿಯ ಬೆಂಚು. ಅವನು ಹತ್ತಿರದ ಇನ್ನೊಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ; ಸಂಜೆ ಸೈಕಲ್ ಒರಗಿಸಿ ಆ ಬೆಂಚಿನ ಮೇಲೆ ಕೂತನೆಂದರೆ ಊಟಕ್ಕೇ ಏಳುವುದು. ಅಪ್ಪನ ತಾಯಿ, ನಮ್ಮ ಅಜ್ಜಿ, ಒಲೆಯೆದುರಿನ ಮಣೆಯ ಮೇಲೆ. ಐದು ವರ್ಷದ ಗಣು ಅಜ್ಜಿಯ ಮಗ್ಗುಲಲ್ಲಿ, ಬೆಕ್ಕಿನ ಮರಿಯ ಹಾಗೆ. ಜಾಗವಿಲ್ಲದವರು ಇಬ್ಬರೇ, ನಾವು ಆಯಿ ಎನ್ನುತ್ತಿದ್ದ ನಮ್ಮ ತಾಯಿ ಮತ್ತು ನಾನು. ಆಯಿ ಕಾರವಾರದ ಕೋಡಿಬಾಗದವಳು. ಪೇಟೆಯ ಗದ್ದಲದಲ್ಲಿ ಬೆಳೆದವಳಿಗೆ ಈ ಮನೆಯ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಚಾ ಕುಡಿಯುವಾಗಲೂ ಲೋಟ ಹಿಡಿದುಕೊಂಡು ಬಾವಿಕಟ್ಟೆಯಿಂದ ಅಂಗಳಕ್ಕೆ, ಅಂಗಳದಿಂದ ಬೇಲಿಯ ದಣಪೆಯವರೆಗೆ ಹೋಗಿ ಬರುತ್ತಿದ್ದಳು. “ಕಾಲಿಗೆ ಚಕ್ರ ಕಟ್ಕಂಡೇ ಹುಟ್ಟಿದ್ದು ಇದು” ಎಂದು ಅಜ್ಜಿ ಗೊಣಗುತ್ತಿದ್ದಳು. ನನ್ನನ್ನು ನೋಡಿದರೆ, “ಮರಿಗೂ ಅದೇ ಚಕ್ರ.”

ಶಾಲೆಯಲ್ಲಿ ನನಗೆ ಕೂರಲು ಆಗುತ್ತಿರಲಿಲ್ಲ. ಅಕ್ಕೋರು ಕೆಟ್ಟವರಲ್ಲ. ಒಂದು ಕೋಣೆಯಲ್ಲಿ ಎರಡು ತರಗತಿಯ ಮಕ್ಕಳನ್ನು ಇಟ್ಟುಕೊಂಡು ಪಾಪ ಅವರು ಎಷ್ಟೆಂದು ನೋಡಿಯಾರು? ನಾನು ಮಾತ್ರ ಚಾಪೆಯ ಮೇಲೆ ಕೂತ ಸ್ವಲ್ಪ ಹೊತ್ತಿಗೇ ಏಳುತ್ತಿದ್ದೆ. ಕಾಲು ತಾನಾಗಿಯೇ ಏಳುತ್ತಿತ್ತು. ಬಾಗಿಲ ತನಕ ಹೋಗಿ ಬಂದರೇ ಸಮಾಧಾನ. ಎರಡನೆಯ ತರಗತಿಯ ಕೊನೆಕೊನೆಗೆ ಒಂದು ದಿನ ನೀರು ಕುಡಿಯಲು ಎದ್ದವಳು ವಾಪಸ್ ಬರಲಿಲ್ಲ. ಶಾಲೆಯ ಹಿಂದಿನಿಂದ ಇಳಿದು ಗಜನಿಯ ಕಟ್ಟೆ ಹಿಡಿದು ನಡೆದೆ. ಗಜನಿಯೆಂದರೆ ಸಮುದ್ರದ ಉಪ್ಪುನೀರು ಏರಿ ಇಳಿಯುವ ಗದ್ದೆ. ನೀರನ್ನು ತಡೆಯಲು ಸುತ್ತ ಮಣ್ಣಿನ ಕಟ್ಟೆ ಇರುತ್ತದೆ, ನಡುವೆ ನೀರು ಬಿಡುವ ಬಾಗಿಲು. ಅಂದು ಉಬ್ಬರದ ಹೊತ್ತು. ಬಾಗಿಲಿನ ಹಲಗೆಯ ಮೇಲೆ ನಿಂತು, ಕೆಳಗೆ ಸುಳಿಸುತ್ತಿ ನುಗ್ಗುವ ನೀರನ್ನು ನೋಡುತ್ತಿದ್ದೆ. ಬೀಸುಬಲೆ ಹಿಡಿದು ಬಂದ ಯಾರೋ ಒಬ್ಬರು ಹಿಂದಿನಿಂದ ರಟ್ಟೆ ಹಿಡಿದು ಎಳೆದು ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದರು. “ಇನ್ನೊಂದು ಹೆಜ್ಜೆ ಇಟ್ಟಿದ್ರೆ ಹೋಯ್ತು” ಎಂದರು ಆಯಿಯ ಹತ್ತಿರ. ಆಯಿ ಹೊಡೆಯಲಿಲ್ಲ, ಬಯ್ಯಲಿಲ್ಲ. ನನ್ನ ಕಾಲಿನ ಕೆಸರು ತೊಳೆದಳು, ಕೆಸರು ಹೋದ ಮೇಲೂ ತೊಳೆಯುತ್ತಲೇ ಇದ್ದಳು.

ಆ ಸಂಜೆ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೂತ ಅಪ್ಪನೆದುರು ಅವಳು ಹೇಳಿದಳು:

“ಬರುವ ವರ್ಷ ಇವಳನ್ನ ಸಾಲಿಗೆ ಕಳಸುದಿಲ್ಲ.”

“ಎಂತ ಹೇಳ್ತಿ? ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ಮಾಸ್ತರನ ಮಗಳು ಮನೇಲಿ ಕೂರುದಾ?”

“ಕೂರುಕೆ ಆಗುದಿಲ್ಲ ಅಂತಲೇ ಅಲ್ದಾ ಈ ಗೋಳು? ಮನೇಲಿ ತಿರಗಾಡ್ಕಂಡೇ ಕಲೀಲಿ. ಗಣೂನೂ ಇರಲಿ. ಒಂದು ವರ್ಷ ಆರಾಮ ಕಲೀಲಿ.”

“ಯಾರು ಕಲಿಸುದು?”

“ನಾನು.”

ಅಪ್ಪ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಅಜ್ಜಿ ಉಪ್ಪಿನಕಾಯಿಯ ಭರಣಿ ಮುಚ್ಚುತ್ತ, “ನನ್ನ ಕೇಳಿದ್ರೆ ಬೇಡ. ಇವೆರಡೂ ಮನೇಲಿದ್ರೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುಕೆ ಆಗುದಿಲ್ಲ ನಂಗೆ” ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ. ಆ ವಾರವಿಡೀ ಮನೆಯಲ್ಲಿ ಪಾತ್ರೆಗಳದೇ ಸದ್ದು. ಕಡೆಗೆ ಅಪ್ಪ ಒಪ್ಪಿದ, ಒಂದು ಷರತ್ತಿನ ಮೇಲೆ: ವರ್ಷದ ಕೊನೆಗೆ ನಾನು ಮೂರನೆಯ ತರಗತಿಯ ಮಕ್ಕಳ ಜೊತೆ ಕೂತು ಪರೀಕ್ಷೆ ಬರೆಯಬೇಕು. ಶಾಲೆಯವರ ಹತ್ತಿರ ಮಗಳಿಗೆ ಮೈ ಸರಿಯಿಲ್ಲವೆಂದು ಹೇಳಿ ಬಂದ. ಹಾಗೆ ಹೇಳಿ ಬಂದ ದಿನ ಅಪ್ಪ ಬೆಂಚಿನಿಂದ ಊಟಕ್ಕೂ ಏಳಲಿಲ್ಲ.

ಆ ವರ್ಷದ ಯೋಜನೆ ನಡೆದದ್ದು ಬೇಸಿಗೆಯಲ್ಲಿ, ಮಾವಿನಹಣ್ಣಿನ ನಡುವೆ. ನಡುಮನೆಯ ಮಂಚದಡಿ ಹುಲ್ಲಿನ ಮೇಲೆ ಈಶಾಡು ಹಣ್ಣು ಹರವಿದ್ದೆವು. ಇಡೀ ಮನೆ ಘಮಘಮ. ಅಜ್ಜಿ ಸಾಸಮೆಗೆಂದು ಸಾಸಿವೆ ಅರೆಯುತ್ತಿದ್ದರೆ ಆಯಿ ಹಣ್ಣಿನ ಸಿಪ್ಪೆ ಸುಲಿಯುತ್ತ ಯೋಚನೆಗಳನ್ನು ಒಂದೊಂದಾಗಿ ಹೊರಗೆ ಹಾಕುತ್ತಿದ್ದಳು. ಮಳೆಗಾಲ ಪೂರ್ತಿ ಕತೆ, ಬಾಯಿಲೆಕ್ಕ. ಹೇಗೂ ಹೊರಗೆ ಕಾಲಿಡಲಾಗುವುದಿಲ್ಲ. ಚೌತಿ ಆದ ಮೇಲೆ ಬರೆಯುವುದು. ಕೊಯ್ಲು ಶುರುವಾದರೆ ಗದ್ದೆಯಲ್ಲೇ ಪಾಠ. ಬೇಸರ ಬಂದ ದಿನ ಪಾಠವೇ ಇಲ್ಲ. ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳುತ್ತಿತ್ತು. ಮದುವೆಯಾಗಿ ಬಂದ ಮೇಲೆ ಅವಳು ತಾನಾಗಿ ಯೋಜಿಸಿದ ಮೊದಲ ಕೆಲಸ ಅದಾಗಿತ್ತೇನೋ.

“ಒಂದು ಹಾಳೆ ಮೇಲೆ ಬರೆದಿಡು ಮಾರಾಯ್ತಿ” ಎಂದ ಅಪ್ಪ. “ವೇಳಾಪಟ್ಟಿ ಅಂದ್ರೆ ಹಿಂಗೆ ಬಾಯಲ್ಲಿ ಹೇಳುದಲ್ಲ.”

“ಬರೆದ್ರೆ ಅದೇ ಸಾಲಿ ಆಗ್ತದೆ” ಎಂದಳು ಆಯಿ.

ಮಳೆ ಹಿಡಿಯಿತು. ಊರಿನ ಮಕ್ಕಳೆಲ್ಲ ಕೊಪ್ಪೆ ಹೊದ್ದು, ಕೊಡೆ ಹಿಡಿದು ಶಾಲೆಗೆ ಹೋಗುವುದನ್ನು ನೋಡುತ್ತ ನಾನು ಗಣು ಜಗಲಿಯಲ್ಲಿ ರಾಜರ ಹಾಗೆ ಕೂತೆವು. ಮೊದಲ ಕೆಲವು ದಿನ ಪಾಠ ಜಗಲಿಯಲ್ಲೇ. ಎರಚಲು ಬಡಿಯಲು ಶುರುವಾದ ಮೇಲೆ ನಡುಮನೆಗೆ ಬಂತು. ಅಲ್ಲಿ ಪುಸ್ತಕ ಕಾಣುವುದಿಲ್ಲವೆಂದು ಮೆತ್ತಿಗೆ ಹತ್ತಿತು. ಮೆತ್ತಿನಲ್ಲಿ ಮಳೆಯ ಸದ್ದಿಗೆ ಮಾತು ಕೇಳುವುದಿಲ್ಲವೆಂದು ಅಡುಗೆಮನೆಗೆ ಇಳಿಯಿತು. ಅಲ್ಲಿ ಅಜ್ಜಿ ಸೌಟು ತೋರಿಸಿ, “ನನ್ನ ಸಾರಿನಲ್ಲಿ ನಿನ್ನ ಲೆಕ್ಕ ಕಲಸಬೇಡ” ಎಂದಳು. ಜಾಗ ಬದಲಾದಂತೆ ಪಾಠವೂ ಬದಲಾಯಿತು. ಆಯಿ ಕತೆ ಶುರುಮಾಡಿ, ರಾಜಕುಮಾರ ಕಾಡು ಹೊಗುವಷ್ಟರಲ್ಲಿ ಹಿತ್ತಿಲ ಬಟ್ಟೆ ನೆನೆದೀತೆಂದು ಎದ್ದು ಹೋಗುತ್ತಿದ್ದಳು. ವಾಪಸ್ ಬರುವಾಗ ಬೇರೆ ಕತೆ ತಲೆಯಲ್ಲಿರುತ್ತಿತ್ತು. ಎಷ್ಟೋ ರಾಜಕುಮಾರರು ಆ ಆಷಾಢದಲ್ಲಿ ಕಾಡಿನಲ್ಲೇ ಉಳಿದುಹೋದರು. ನಮಗೇನೂ ತಕರಾರಿರಲಿಲ್ಲ. ಸುಟ್ಟ ಹಲಸಿನಬೀಜ ತಿನ್ನುತ್ತ ಗಣು ಅಜ್ಜಿಯ ಮಡಿಲಲ್ಲಿ ಹಳೆಯ ಪುಸ್ತಕವೊಂದನ್ನು ಹಿಂದೆಮುಂದೆ ಮಾಡುತ್ತಿರುತ್ತಿದ್ದ. ಅವನಿಗೆ ಯಾರೂ ಏನೂ ಕಲಿಸುತ್ತಿರಲಿಲ್ಲ.

ಆರಾಮವನ್ನು ಕೆಡಿಸಿದ್ದು ಪಕ್ಕದ ಮನೆಯ ಶಾಂತಕ್ಕನ ಒಂದು ಮಾತು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲಿ ನಿಂತು, “ನಮ್ಮ ರೇಖಾ ಹದಿನೈದರ ಮಗ್ಗಿಗೆ ಬಂತು ನೋಡು. ನಿಮ್ಮ ಸುಮಿ ಎಲ್ಲಿಗೆ ಬಂತು?” ಎಂದಳು. ಸುಮಿ ಅಂದರೆ ನಾನು. ನಾನು ಎಲ್ಲಿಗೂ ಬಂದಿರಲಿಲ್ಲ. ಮಾರನೆಯ ದಿನದಿಂದ ಆಯಿ ಬೇರೆಯೇ ಆದಳು. ಬೆಳಕು ಹರಿಯುವ ಮೊದಲೇ ಎಬ್ಬಿಸಿ ಮಗ್ಗಿ ಹೇಳಿಸುವುದು, ಪಾಟಿಯ ತುಂಬ ಒಂದೇ ಅಕ್ಷರ ತಿದ್ದಿಸುವುದು, ನಾನು ಎದ್ದರೆ ಭುಜ ಒತ್ತಿ ಕೂರಿಸುವುದು. ಅವಳ ಕೈ ಭುಜದ ಮೇಲಿದ್ದಷ್ಟು ಹೊತ್ತೂ ನನ್ನ ಕಣ್ಣು ಬಾಗಿಲ ಮೇಲೆ. ಅವಳೂ ನನ್ನ ಪಕ್ಕ ಕೂರಬೇಕಾಗಿತ್ತಲ್ಲ, ಅವಳ ಕಾಲ ಹೆಬ್ಬೆರಳು ಒಂದೇ ಸಮನೆ ನೆಲ ಕೆರೆಯುತ್ತಿತ್ತು. ಒಂದು ಸಂಜೆ ಅಪ್ಪ ನೆನೆದು ಬಂದವನು, ಪಾಟಿಯ ಮುಂದೆ ಬಿಕ್ಕುತ್ತಿದ್ದ ನನ್ನನ್ನು ಕಂಡು ರೇನ್‌ಕೋಟ್ ಬಿಚ್ಚದೇ ನಿಂತ.

“ಆರಾಮ ಕಲೀಲಿ ಅಂದವಳು ನೀನೇ ಅಲ್ದಾ?”

“ಕೊನೆಗೆ ಪರೀಕ್ಷೆ ಬೇಕು ಅಂದವರು ನೀವೇ ಅಲ್ದಾ?”

ಅಪ್ಪ ರೇನ್‌ಕೋಟ್ ಬಿಚ್ಚಿ ನೇತುಹಾಕಿದ. ಬೆಲ್ಲದ ತುಂಡೊಂದನ್ನು ತಂದು ನನ್ನ ಕೈಗಿಟ್ಟು ಒಳಗೆ ಹೋದ. ತನ್ನ ಶಾಲೆಯಲ್ಲಿ ಬಿಗಿಯೆಂದು ಹೆಸರಾದವನು ಮನೆಯಲ್ಲಿ ನನ್ನ ಪರ ನಿಂತಿದ್ದ. ಶಾಲೆಯಿಂದ ಬಿಡಿಸಿಕೊಂಡು ಬಂದ ಆಯಿಯೇ ಕಟ್ಟಿಹಾಕಿದ್ದಳು. ಇಬ್ಬರೂ ಯಾವಾಗ ಜಾಗ ಬದಲಿಸಿಕೊಂಡರೋ ಅವರಿಗೇ ಗೊತ್ತಿರಲಿಲ್ಲ.

ಚೌತಿ ಬಂತು. ಗಣಪತಿಯನ್ನು ನೋಡಲು ಮನೆಮನೆಗೆ ಬರುವವರ ಗುಂಪು, ಪಂಚಕಜ್ಜಾಯ, ಚಕ್ಕುಲಿ. ಅಪ್ಪನ ಜೊತೆಯ ಮಾಸ್ತರೊಬ್ಬರು ಬಂದು ಬೆಂಚಿನ ಮೇಲೆ ಕೂತು, “ಎಲ್ಲಿ, ಮನೆ ಸಾಲಿ ಹೆಂಗೆ ನಡೀತದೆ ನೋಡುವ” ಎಂದು ನಗುತ್ತ ನನ್ನ ಪುಸ್ತಕ ತರಿಸಿದರು. ನಾನು ಜೋರಾಗಿ ಓದಿದೆ. ಹಸುವಿನ ಪಾಠ, ನವಿಲಿನ ಪಾಠ, ಒಂದೂ ತಪ್ಪಿಲ್ಲ. ಆಯಿ ಬಾಗಿಲಿಗೆ ಒರಗಿ ನಿಂತಿದ್ದಳು. ಶಾಂತಕ್ಕನ ಮಾತಿನ ನಂತರ ಮೊದಲ ಸಲ ಅವಳ ಮುಖದಲ್ಲಿ ಕಳೆ. ಮಾಸ್ತರಿಗೆ ಏನನ್ನಿಸಿತೋ, ಚಿತ್ರದ ಮೇಲೆ ಅಂಗೈ ಇಟ್ಟು, “ಈಗ ಇದೊಂದು ಸಾಲು” ಎಂದರು. ನನ್ನ ಬಾಯಿ ನಿಂತಿತು. ನನಗೆ ಆ ಸಾಲಿನಲ್ಲಿ ಏನೂ ಕಾಣಲಿಲ್ಲ. ಚಿತ್ರ ನೋಡಿ, ಕೇಳಿದ್ದನ್ನು ನೆನೆಸಿಕೊಂಡು ಹೇಳುವುದಕ್ಕೇ ಓದು ಎನ್ನುತ್ತಾರೆಂದು ನಾನು ನಂಬಿದ್ದೆ. ಆಗ ಅಜ್ಜಿಯ ಮಡಿಲಿನಿಂದ ಗಣು ಕತ್ತು ಚಾಚಿ, ಬೆರಳಿಟ್ಟು, “ನ-ವಿ-ಲು ಕು-ಣಿ-ಯಿ-ತು” ಎಂದು ಓದಿದ. ಎಲ್ಲರೂ ಹೋ ಎಂದು ನಕ್ಕರು, ಅವನ ಕೈಗೆ ಚಕ್ಕುಲಿ ತುಂಬಿದರು. ಬಾಗಿಲ ಹತ್ತಿರ ನೋಡಿದರೆ ಆಯಿ ಇರಲಿಲ್ಲ.

ಗಣಪತಿಯನ್ನು ನೀರಿಗೆ ಬಿಟ್ಟ ಮಾರನೆಯ ದಿನ ಅವಳು ಚೀಲ ಕಟ್ಟಿದಳು. “ಎಂಟು ದಿನ ಕಾರವಾರಕ್ಕೆ ಹೋಗಿ ಬರ್ತೆ ಅತ್ತೆ” ಎಂದು ಅಜ್ಜಿಗೆ ಹೇಳಿ ನನ್ನ ಕೈ ಹಿಡಿದಳು. ಗಣು ಅಜ್ಜಿಯ ಸೆರಗು ಬಿಡಲಿಲ್ಲ. ನಡುದಾರಿಯ ಅವರ್ಸಾ ಊರು ದಾಟುವ ತನಕ ಆಯಿ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಕೋಡಿಬಾಗದ ಮನೆ ಚಿಕ್ಕದು. ಕಾಳಿ ನದಿಯ ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಕಾರವಾರದ ಅಜ್ಜಿ ಮಗಳ ಮುಖ ನೋಡಿದ್ದೇ, “ಕಿತೆಂ ಜಾಲೆಂ ಗೊ?”, ಏನಾಯ್ತೇ, ಎಂದು ಕೊಂಕಣಿಯಲ್ಲಿ ಕೇಳಿದಳು. “ಕಾಂಯ್ ನಾ” ಎಂದಳು ಆಯಿ. ಏನೂ ಇಲ್ಲ ಎಂದವಳ ಕಣ್ಣು ನೋಡಿ ಅಜ್ಜಿ ಬಂಗಡೆ ಹುರಿದು ಬಡಿಸಿದಳು. ಅಲ್ಲಿ ಪಾಠವಿರಲಿಲ್ಲ. ಪುಸ್ತಕ ಚೀಲದಿಂದ ಹೊರಗೇ ಬರಲಿಲ್ಲ. ಸಂಜೆಯಾದರೆ ಆಯಿ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು, ನಾನು ಹಿಂದೆ ಓಡುತ್ತಿದ್ದೆ. ಅವಳಿಗೆ ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. ಪೇಟೆ, ಮೀನು ಮಾರ್ಕೆಟ್, ಬಸ್‌ಸ್ಟ್ಯಾಂಡ್, ದಂಡೆ. ಮತ್ತೆ ಬೇರೆ ದಾರಿಯಲ್ಲಿ ವಾಪಸ್. “ಇಲ್ಲಿ ನಂಗೆ ಹೊಲಿಗೆ ಕಲಿಸ್ತಿದ್ರು”, “ಈ ಮನೆಯವಳು ನನ್ನ ಗೆಳತಿ ಆಗಿದ್ಲು” ಎಂದು ನನಗೋ ತನಗೋ ಹೇಳಿಕೊಳ್ಳುತ್ತ ನಡೆಯುವಳು. ಭಾವಿಕೇರಿಯಲ್ಲಿ ಇಲ್ಲದ ಒಂದು ಹಗುರ ಅವಳ ನಡಿಗೆಯಲ್ಲಿತ್ತು, ಅದನ್ನು ಕಂಡು ನನಗೆ ಭಯವಾಗುತ್ತಿತ್ತು. ಇವಳು ಇಲ್ಲೇ ಉಳಿದುಬಿಟ್ಟರೆ?

ಹೀಗೆ ನಡೆಯುವಾಗ ಒಂದು ಸಂಜೆ ನಾನು ಅಂದೆ:

“ಆಯೀ, ಗಣೂನ ‘ಗ’ ಅಲ್ಲಿ ಉಂಟು.”

“ಎಲ್ಲಿ?”

“ಆ ಬೋರ್ಡಿನಲ್ಲಿ. ಹಿಂದೆ ಹೋದ ಬೋರ್ಡಿನಲ್ಲೂ ಇತ್ತು. ಅಲ್ಲಿ ಅದಕ್ಕೆ ಗುಡಿಸು ಇತ್ತು.”

ಆಯಿ ನಿಂತಳು. ಗಡಿಯಾರ ರಿಪೇರಿಯ ಅಂಗಡಿ ಅದು. ಹಿಂದೆ ದಾಟಿ ಬಂದದ್ದು ಹಿಟ್ಟಿನ ಗಿರಣಿ. ಅವಳು ಮತ್ತೆ ನಡೆದಳು, ಆದರೆ ಸ್ವಲ್ಪ ನಿಧಾನವಾಗಿ. ನಾನು ಓಡುತ್ತ, ಕುಪ್ಪಳಿಸುತ್ತ ಕಂಡ ಕಂಡ ಅಕ್ಷರ ಹೇಳುತ್ತಿದ್ದೆ. ತಪ್ಪಿದರೆ ಅವಳು ತಿದ್ದುತ್ತಿದ್ದಳು, ಅದೂ ನಡೆಯುತ್ತಲೇ. ದಿನ ದಿನವೂ ಹೊಸ ಬೀದಿ ಹಿಡಿದೆವು. ಬಸ್ಸಿನ ಹಣೆಯ ಊರುಗಳು, ಔಷಧದಂಗಡಿ, ಗೋಡೆಯ ಮೇಲಿನ ಮಾಸಿದ ಜಾಹೀರಾತು. ಕೂತಾಗ ಇರುವೆ ಸಾಲಿನ ಹಾಗೆ ಕದಲುತ್ತಿದ್ದ ಅಕ್ಷರಗಳು ನಾನು ಕದಲಿದಾಗ ತಾವು ನಿಂತವು. ಇದನ್ನು ನಾನು ಇಂದಿಗೂ ಯಾರಿಗೂ ಸರಿಯಾಗಿ ವಿವರಿಸಲಾರೆ.

ಎಂಟು ದಿನವೆಂದು ಬಂದವರು ನವರಾತ್ರಿ ಕಳೆದರೂ ಹೋಗಲಿಲ್ಲ. ಒಂದು ಭಾನುವಾರ ಅಪ್ಪ ಬಂದ. ಕಂಕುಳಲ್ಲೊಂದು ಮೊಗೆಕಾಯಿ, ಕೈಯಲ್ಲಿ ಕೊಡೆ. ಚಾ ಕುಡಿದ ಮೇಲೆ ಹಿತ್ತಿಲ ಮೆಟ್ಟಿಲ ಹತ್ತಿರ ಇಬ್ಬರೂ ನಿಂತು ಮಾತಾಡಿದರು. ನಾನು ಬಾಗಿಲ ಹಿಂದೆ.

“ಊರಲ್ಲಿ ಎಂತ ಹೇಳ್ತಿದ್ದಾರೆ ಗೊತ್ತಿದ್ಯಾ?”

“ಹೇಳಲಿ.”

“ಗಣು ಅಳ್ತಾನೆ.”

“ಅವನು ಅಜ್ಜಿ ಹತ್ರ ಆರಾಮಿದ್ದಾನೆ. ಸುಳ್ಳು ಹೇಳಬೇಡಿ.”

ಅಪ್ಪ ಕೊಡೆಯ ತುದಿಯಿಂದ ಮೆಟ್ಟಿಲ ಮಣ್ಣು ಕೆದಕಿದ. “ಹಂಗಾರೆ ಅಳುದು ನಾನು ಅಂತ ತಿಳ್ಕ” ಎಂದ.

ಆಯಿಯ ದನಿ ಆಮೇಲೆ ಬೇರೆಯಾಯಿತು. “ನಂಗೆ ಒಂದ್ ಕಡೆ ಕೂರುಕಾಗುದಿಲ್ಲ. ಅವಳಿಗೂ ಅದೇ. ಅಷ್ಟು ದಿನ ಅವಳನ್ನ ಒತ್ತಿ ಕೂರ್ಸಿದೆ ನೋಡಿ, ನನ್ನ ಕುತ್ತಿಗೆ ನಾನೇ ಹಿಡ್ದ ಹಂಗೆ ಆಯ್ತು. ಆ ಮನೆಗೆ ಬಂದ್ರೆ ಮತ್ತೆ ಹಂಗೇ ಮಾಡ್ತೆನೇನ ಅಂತ ಹೆದರಿಕೆ.”

“ಲೀಲಾ” ಎಂದ ಅಪ್ಪ. ಅವನ ಬಾಯಲ್ಲಿ ಅವಳ ಹೆಸರು ಕೇಳಿದ್ದು ನನಗೆ ಅದೇ ಮೊದಲು. “ಪರೀಕ್ಷೆ ಬೇಡ. ನಾನು ಹೇಳಿದ್ದು ನಾನೇ ಬಿಟ್ಟೆ. ಮನೆಗೆ ಬಾ.”

“ಪರೀಕ್ಷೆ ಇರಲಿ, ಅವಳು ಬರೀತಾಳೆ. ಆದ್ರೆ ಇನ್ನು ಒಳಗೆ ಕೂರಿಸಿ ಪಾಠ ಇಲ್ಲ. ನಾನು ಅವಳನ್ನ ಕರ್ಕಂಡು ಹೊರಗೆ ಹೋಗ್ತೆ. ಎಲ್ಲಿಗೆ, ಯಾಕೆ ಅಂತ ಯಾರೂ ಕೇಳುಕಾಗದು.”

“ಮನೇಲಿ ನನ್ನ ಅವ್ವಿ ಕೇಳಿದ್ರೆ ನಾ ಎಂತ ಹೇಳುದು?”

“ಅದು ನಿಮ್ಮ ಪಾಠ” ಎಂದಳು ಆಯಿ. ಅಪ್ಪ ನಕ್ಕದ್ದು ಕೇಳಿಸಿತು.

ಕೊಯ್ಲಿನ ಹೊತ್ತಿಗೆ ಊರಿಗೆ ಬಂದೆವು. ಅಲ್ಲಿಂದ ಮುಂದೆ ನಮ್ಮ ಶಾಲೆ ಗದ್ದೆಯ ಅಂಚಿನಲ್ಲಿ, ಗಜನಿಯ ಕಟ್ಟೆಯ ಮೇಲೆ, ಅಂಕೋಲೆ ಪೇಟೆಯ ದಾರಿಯಲ್ಲಿ. ಹಾಳೆ ಹರಿದು ಕೈಗೆ ಕೊಟ್ಟರೆ ನಡೆಯುತ್ತ ಓದುತ್ತಿದ್ದೆ, ಮಗ್ಗಿಯನ್ನು ಹೆಜ್ಜೆಗೊಂದರಂತೆ ಹೇಳುತ್ತಿದ್ದೆ. ಗಣು ಒಮ್ಮೊಮ್ಮೆ ಬರುತ್ತಿದ್ದ, ಕಾಲು ನೋಯುತ್ತದೆಂದು ಅರ್ಧದಲ್ಲೇ ಹಿಂದಿರುಗುತ್ತಿದ್ದ. ಊರವರು ನೋಡಿ ನಗುತ್ತಿದ್ದರು. ಶಾಂತಕ್ಕ, “ಮಾಸ್ತರ ಹೆಂಡತಿಗೆ ಎಂತ ಆಗಿದೆ?” ಎಂದು ಅಜ್ಜಿಯನ್ನೇ ಕೇಳಿದಳಂತೆ. ಅಜ್ಜಿ ಏನು ಹೇಳಿದಳೋ ತಿಳಿಯದು. ಮನೆಯಲ್ಲಂತೂ ಮುಖ ಬಿಗಿದುಕೊಂಡೇ ಇದ್ದಳು. ಆಯಿ ಎಲ್ಲ ದಿನವೂ ಒಂದೇ ತರ ಇರಲಿಲ್ಲ. ಕೆಲವು ದಿನ ನನ್ನ ತಪ್ಪಿಗೆ ಸಿಡಿದು ಬೀಳುತ್ತಿದ್ದಳು, ಕೆಲವು ದಿನ ನಡೆಯುತ್ತ ನಡೆಯುತ್ತ ಪಾಠವನ್ನೇ ಮರೆಯುತ್ತಿದ್ದಳು. ಪರೀಕ್ಷೆಯ ದಿನ ಅಕ್ಕೋರು ನನ್ನ ಚಡಪಡಿಕೆ ನೋಡಿ, “ಹೋಗು, ಕಿಟಕಿ ಹತ್ರ ನಿಂತೇ ಬರಿ” ಎಂದರು. ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ಬರೆದೆ. ಪಾಸಾದೆ. ಹೇಳಿಕೊಳ್ಳುವಂಥ ಪಾಸೇನಲ್ಲ, ಲೆಕ್ಕದಲ್ಲಂತೂ ಹೇಗೋ ದಾಟಿದೆ.

ಮಳೆ ಮತ್ತೆ ಬಂತು. ನಾನು ನಾಲ್ಕನೆಯ ತರಗತಿಗೆ, ಗಣು ಒಂದನೆಯದಕ್ಕೆ. ಮೊದಲ ದಿನ ಆಯಿ ಇಬ್ಬರನ್ನೂ ಶಾಲೆಯ ಮೆಟ್ಟಿಲ ತನಕ ಬಿಟ್ಟು, ನನ್ನ ಜಡೆ ಸರಿಮಾಡಿ ಹೊರಟಳು. ನಾನು ಕಿಟಕಿಯಿಂದ ಅವಳ ಕೊಡೆ ನೋಡುತ್ತಿದ್ದೆ. ಮನೆಯ ಕಡೆ ತಿರುಗುವಲ್ಲಿ ಕೊಡೆ ತಿರುಗಲಿಲ್ಲ. ನೆಟ್ಟಗೆ ಹೋಯಿತು. ಕೊಯ್ಲಿನಿಂದೀಚೆ ನನ್ನ ಪಾಠವೇ ಅವಳಿಗೆ ಹೊರಗೆ ಹೋಗುವ ನೆವವಾಗಿತ್ತು. ಈಗ ನೆವ ಶಾಲೆಯಲ್ಲಿ ಕೂತಿತ್ತು. ಆ ದಿನ ಅಕ್ಕೋರು ಏನು ಹೇಳಿಕೊಟ್ಟರೋ ನನ್ನ ಕಿವಿಗೆ ಬೀಳಲಿಲ್ಲ. ಕಾರವಾರದ ಬಸ್ಸು ಅವಳ ಮುಂದೆ ನಿಂತಂತೆ, ಅವಳು ಹತ್ತಿದಂತೆ ಕಣ್ಣಿಗೆ ಕಟ್ಟುತ್ತಿತ್ತು. ಗಂಟೆ ಬಾರಿಸಿದ್ದೇ ಗಣುವನ್ನು ಎಳೆದುಕೊಂಡು ಮನೆಗೆ ಓಡಿದೆ. ಅಜ್ಜಿ ದಣಪೆಯ ಹತ್ತಿರ ನಿಂತಿದ್ದಳು.

“ನಿಮ್ಮ ಆಯಿ ಎಲ್ಲಿ?”

ನಾನು ಬಸ್ಸಿನ ದಾರಿಯ ಕಡೆ ನೋಡಿದೆ. ಅಪ್ಪ ಬಂದ. ಸೈಕಲ್ ಒರಗಿಸದೆ ಹಿಡಿದುಕೊಂಡೇ ನಿಂತ. ಮಳೆ ಸ್ವಲ್ಪ ಬಿಟ್ಟಿತ್ತು. ಆಮೇಲೆ ದಾರಿಯ ತಿರುವಿನಲ್ಲಿ ಕೊಡೆ ಕಂಡಿತು. ಆಯಿ ಬಂದಳು, ಮೊಣಕಾಲ ತನಕ ಕೆಸರು, ಸೀರೆಯ ಅಂಚಿಗೆಲ್ಲ ಮರಳು.

“ಎಲ್ಲಿಗೆ ಹೋಗಿದ್ದೆ?” ಎಂದಳು ಅಜ್ಜಿ.

“ಬೇಲೇಕೇರಿ ದಂಡೆಗೆ.”

“ಎಂತಕ್ಕೆ?”

“ಸುಮ್ಮನೆ ಅತ್ತೆ. ನಡೆದು ಬಂದೆ.”

ಅಪ್ಪ ಸೈಕಲ್ ಒರಗಿಸಿದ. ಅಜ್ಜಿ ಒಳಗೆ ಹೋದಳು. ಇನ್ನು ಪಾತ್ರೆಗಳ ಸದ್ದು ಶುರುವಾಗುತ್ತದೆಂದು ನಾನು ಕಾದೆ. ಅವಳು ಬಚ್ಚಲ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದಳು. ಸೊಂಟ ಹಿಡಿದುಕೊಂಡು ಬಗ್ಗಿ ಆಯಿಯ ಕಾಲಿಗೆ ಹೊಯ್ದಳು. ಆಯಿ ಬೇಡ ಬೇಡ ಎಂದು ಚೊಂಬಿಗೆ ಕೈ ಹಾಕಿದರೂ ಕೊಡಲಿಲ್ಲ.

“ನಾಳೆ ಹೋಗುವಾಗ ಹೇಳು” ಎಂದಳು ಅಜ್ಜಿ, ನೀರು ಹೊಯ್ಯುತ್ತಲೇ. “ನಾನೂ ಬರ್ತೆ. ಸಮುದ್ರ ನೋಡದೇ ಎಷ್ಟು ಕಾಲ ಆಯ್ತೇನ.”

“ದೂರ ಉಂಟು ಅತ್ತೆ. ನಿಮಗೆ ಆಗ್ತದಾ?”

“ನಿಧಾನ ಹೋದ್ರೆ ಆಗ್ತದೆ” ಎಂದಳು ಅಜ್ಜಿ.